ತೂಕದ ಕಲ್ಲು

ನನ್ನಜ್ಜಿ ದೆವೊಲಿಂದಾ ಈ ಬೆಟ್ಟ ಹತ್ತಿದ್ದು
ರೋಗಿಗಳ ಬಟ್ಟೆ ಒಗೆಯಲಿಕ್ಕೆ.
ಕತ್ತೆಯ ಬೆನ್ನಿಗೆ ಎರಡು ತಾಮ್ರದ ಹಂಡೆ,
ಮುಂಗೈಗೆ ದಾರದಲ್ಲಿ ಬಿಗಿದ ಬೆಳ್ಳುಳ್ಳಿ:
ಕ್ಷಯ ಹತ್ತಿರ ಸುಳಿಯದಿರಲೆಂದು ಅವಳಮ್ಮ ಕಟ್ಟಿದ್ದು.

ಆಗಿನ್ನೂ ಗೋಡೆಯ ಸುಣ್ಣ ಹಸಿ.
ದಕ್ಷಿಣಕ್ಕೆ ನೂರ ಹನ್ನೆರಡು ಕಿಟಕಿ,
ಉತ್ತರಕ್ಕೆ ಒಂದೇ ಒಂದು. ಅದರ ಮಾತು ಆಮೇಲೆ.
ಉದ್ದಕ್ಕೂ ಮೊಗಸಾಲೆ, ಮೊಗಸಾಲೆಯ ತುಂಬ ಬೆತ್ತದ ಮಂಚ,
ಕುತ್ತಿಗೆವರೆಗೆ ಕಂಬಳಿ ಹೊದ್ದು
ಗಾಳಿ ಕುಡಿಯುವ ಜನ.
ಔಷಧಿ ಅಂದರೆ ಅಷ್ಟೇ: ಪೈನ್ ಮರದ ಗಾಳಿ, ಹಾಲು, ಮೊಟ್ಟೆ,
ಮಾತಾಡದೆ ಬಿದ್ದುಕೊಂಡಿರುವುದು.
ಹಿಮ ಬಿದ್ದರೂ ಬಾಗಿಲು ಮುಚ್ಚಬಾರದು
ಎಂದು ಬಾಗಿಲ ಮೇಲೆಯೇ ಬರೆದಿತ್ತು.

ಶನಿವಾರ ತೂಕ.
ಹಿತ್ತಾಳೆ ತೋಳಿನ ತಕ್ಕಡಿ, ಪಕ್ಕದಲ್ಲಿ
ಪುಸ್ತಕ ಹಿಡಿದ ಸಿಸ್ಟರ್ ಪೆರ್ಪೇತುವಾ.
ಏರಿದವರಿಗೆ ಮನೆಗೆ ಕಾಗದ ಬರೆಯುವ ಹುರುಪು,
ಇಳಿದವರು ಮಧ್ಯಾಹ್ನ ಸೂಪು ಮುಟ್ಟುತ್ತಿರಲಿಲ್ಲ.
ಮೂರು ವಾರ ಒಂದೇ ಸಮ ಇಳಿದರೆ
ಉತ್ತರದ ಕಿಟಕಿಯ ಕೋಣೆ.
ಅಲ್ಲಿಂದ ಯಾರೂ ಕಾಗದ ಬರೆದದ್ದಿಲ್ಲ.

ಬೆಲ್ಮೀರು ಉಣ್ಣೆ ಗಿರಣಿಯವನು, ಇಪ್ಪತ್ತಾರು ವರ್ಷ,
ಕೆಮ್ಮಿದರೆ ಎದೆಯೊಳಗೆ ಲಾಳಿ ಓಡಿದ ಸದ್ದು.
ಅವನ ಪೈಜಾಮದ ಜೇಬಿನಲ್ಲಿ ಅಜ್ಜಿಗೆ ಸಿಕ್ಕಿದ್ದು ಕಲ್ಲು.
ಮೊದಲ ವಾರ ಒಂದು, ಕೋಳಿ ಮೊಟ್ಟೆಯಷ್ಟು, ತೊರೆಯಲ್ಲಿ ಉರುಟಾದದ್ದು.
ಮುಂದಿನ ವಾರ ಎರಡು.
ಸಂತ ಜುವಾಂವ್ ಹಬ್ಬದ ಹೊತ್ತಿಗೆ ಐದು,
ಜೇಬಿನ ಹೊಲಿಗೆ ಬಿಟ್ಟಿತ್ತು.

ಅಜ್ಜಿ ಯಾರಿಗೂ ಹೇಳಲಿಲ್ಲ.
ಎರಡೆಳೆ ದಾರದಲ್ಲಿ ಜೇಬು ಹೊಲಿದಳು,
ಕಲ್ಲು ತೊಳೆದಳು, ಒರೆಸಿದಳು,
ಮಡಿಸಿದ ಬಟ್ಟೆಯೊಳಗಿಟ್ಟು
ಮೇಲೆ ಕಳಿಸಿದಳು.

ಸಿಸ್ಟರಿಗೂ ಗೊತ್ತಿತ್ತೋ ಏನೋ.
ಕನ್ನಡಕ ತೆಗೆದು, ನಿಧಾನಕ್ಕೆ ಒರೆಸಿ,
ಬರಿಗಣ್ಣಲ್ಲೇ ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದಳಂತೆ.
ಪುಸ್ತಕದಲ್ಲಿ ಬೆಲ್ಮೀರು ಏರುತ್ತಲೇ ಇದ್ದ.

ಸೆಪ್ಟೆಂಬರಿನಲ್ಲಿ ಅವನ ಬಟ್ಟೆ
ಕೆಂಪು ದಾರದ ಗಂಟಾಗಿ ಬಂತು,
ಅಂದರೆ ಒಗೆಯುವುದಲ್ಲ, ಸುಡುವುದು.
ಬಟ್ಟೆ ಉರಿಯಿತು.
ಬೂದಿಯಲ್ಲಿ ಹನ್ನೊಂದು ಕಲ್ಲು,
ಸಂಜೆಯವರೆಗೂ ಬಿಸಿ.

ಆಮೇಲೆ ಲಿಸ್ಬನ್ನಿನಿಂದ ಸಣ್ಣ ಸಣ್ಣ ಬಾಟಲಿ ಬಂದವು.
ಸೂಜಿ ಚುಚ್ಚಿಸಿಕೊಂಡವರು ಎದ್ದರು, ಶೂ ಹಾಕಿಕೊಂಡರು,
ಬಸ್ಸು ಹತ್ತಿ ಹೋದರು, ತಿರುಗಿ ನೋಡದೆ.
ಅಜ್ಜಿಗೆ ಖುಷಿಯೋ ಖುಷಿ, ಕೆಲಸವೂ ಹೋಯಿತು.

ಆಮೇಲೆ ಅಂಗೋಲಾದಿಂದ ಹಡಗು, ಹಡಗಿನಿಂದ ಮರದ ಪೆಟ್ಟಿಗೆ,
ಪೆಟ್ಟಿಗೆಗಳ ಜೊತೆ ಊರು ಕಳಕೊಂಡ ಸಂಸಾರಗಳು,
ಕೋಣೆಗೊಂದು. ಅದರಲ್ಲೊಬ್ಬ ನನ್ನಪ್ಪ, ಎಂಟು ವರ್ಷ.
ಹಿಮವನ್ನು ಉಪ್ಪೆಂದುಕೊಂಡು ನೆಕ್ಕಿದನಂತೆ.
ಚಳಿಗೆ ಮೊಗಸಾಲೆಯ ಕಟಾಂಜನ ಕಿತ್ತು ಉರಿಸಿದರು,
ತಕ್ಕಡಿಯ ಮೇಲೆ ಹುಡುಗರು ಕುಣಿದು ಕುಣಿದು
ಮುಳ್ಳು ಮುರಿದರು.

ಅವರೂ ಹೋದರು. ಆಡುಗಳು ಬಂದವು.
ಇಪ್ಪತ್ತು ವರ್ಷ ಆಡುಗಳದ್ದೇ.

ಈಗ ಹೋಟೆಲು. ನಾನು ಮೂರನೇ ಮಹಡಿಯ ಕೆಲಸದವಳು.
ಉತ್ತರದ ಕೋಣೆಯಲ್ಲಿ ಬಿಸಿಹಬೆಯ ಸ್ನಾನ.
ಪ್ರತಿ ಬಚ್ಚಲಲ್ಲೂ ಗಾಜಿನ ತೂಕದ ಯಂತ್ರ:
ಚಪ್ಪಲಿ ಬಿಟ್ಟು, ಉಂಗುರ ಬಿಚ್ಚಿಟ್ಟು, ಉಸಿರು ಹಿಡಿದು
ಹತ್ತುತ್ತಾರೆ ಅತಿಥಿಗಳು. ನಾನೂ ಒಮ್ಮೆ ಹತ್ತಿದ್ದೇನೆ,
ಬಾಗಿಲ ಚಿಲಕ ಹಾಕಿಕೊಂಡು.

ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತು ಕಲ್ಲಿವೆ.
ಹನ್ನೊಂದನೆಯದು ನನ್ನ ಏಪ್ರನ್ನಿನ ಜೇಬಿನಲ್ಲಿ.
ಹಾಸಿಗೆ ಕೊಡವುವಾಗ ಮೊಗಸಾಲೆಯ ಬಾಗಿಲು
ಗಾಳಿಗೆ ಪಟಾರನೆ ಬಡಿಯುತ್ತದೆ;
ಸಂದಿಗೆ ಇಡುತ್ತೇನೆ, ಮುಚ್ಚಿಕೊಳ್ಳದ ಹಾಗೆ.

ಏನದು, ಎಂದು ಕೇಳಿದಳು ನಿನ್ನೆ ಪೋರ್ತೊ ನಗರದ ಹೆಂಗಸೊಬ್ಬಳು.
ತೂಕದ ಕಲ್ಲು, ಅಂದೆ.
ಎಷ್ಟು ತೂಕ?

ನೋಡಿಲ್ಲ.